ಮರಸು ಕೂರುವ ವಯಸ್ಸು

(ಮಾಟುಂಗಾದಲ್ಲಿ ಹಿರಿಯ ಕನ್ನಡಿಗರ ಮಾಸಿಕ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ಗೆಳೆಯರೇ,

ಈ ಕೂಟದಲ್ಲಿ ಮಂಡಿನೋವಿನ ಬಗ್ಗೆ, ಸಕ್ಕರೆ ಕಾಯಿಲೆಯ ಬಗ್ಗೆ, ಉಯಿಲು ಬರೆದಿಡುವ ಕ್ರಮದ ಬಗ್ಗೆ ಈಗಾಗಲೇ ಉಪನ್ಯಾಸಗಳು ನಡೆದಿವೆ. ನಾನು ಕಣ್ಣಿನ ವೈದ್ಯನಾದ್ದರಿಂದ ಪೊರೆಯ ಶಸ್ತ್ರಚಿಕಿತ್ಸೆಯ ಬಗ್ಗೆ ಮಾತನಾಡಬಹುದೆಂದು ಸಂಚಾಲಕರು ಎಣಿಸಿದ್ದರು. ತೀರ ಮುಪ್ಪಿನವರೆಗೂ ಬೇಟೆಯನ್ನು ಬಿಡದ ಬೇಟೆಗಾರರ ಕುರಿತು ಮಾತನಾಡುತ್ತೇನೆ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಡಾಕ್ಟ್ರೇ, ನಮ್ಮ ಸಭೆಯಲ್ಲಿ ಅರ್ಧ ಜನ ಈರುಳ್ಳಿಯನ್ನೂ ಮುಟ್ಟದವರು" ಎಂದರು. ಅಂಥವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಡನೆ ಶಿಕಾರಿಯ ಕಾಲ ಮುಗಿಯಿತು. ಅದು ಮರಳಿ ಬರಬೇಕೆಂಬ ಆಸೆ ನನಗಿಲ್ಲ. ಆದರೆ ಕಣ್ಣು, ಕಿವಿ, ಕಾಲು, ಉಸಿರು, ತಾಳ್ಮೆ ಇಷ್ಟನ್ನೂ ಒಟ್ಟಿಗೆ ಬೇಡುವ ಕೆಲಸವೊಂದನ್ನು ಎಂಬತ್ತು ದಾಟಿದ ಮನುಷ್ಯ ಹೇಗೆ ಮಾಡುತ್ತಾನೆ, ಯಾವುದನ್ನು ಮೊದಲು ಬಿಡುತ್ತಾನೆ, ಯಾವುದನ್ನು ಕೊನೆಯವರೆಗೆ ಉಳಿಸಿಕೊಳ್ಳುತ್ತಾನೆ ಎಂಬುದು ನಲವತ್ತು ವರ್ಷ ಮುದುಕರ ಕಣ್ಣುಗಳನ್ನು ನೋಡುತ್ತ ಬಂದ ನನಗೆ ಕುತೂಹಲದ ವಿಷಯ. ಬಿಡುವುದರಲ್ಲಿಯೂ ಒಂದು ಕ್ರಮವಿದೆ, ಆ ಕ್ರಮ ತಿಳಿದವನೇ ಹೆಚ್ಚು ಕಾಲ ಬೇಟೆಗಾರನಾಗಿ ಉಳಿಯುತ್ತಾನೆ ಎಂಬುದು ನನ್ನ ಎಣಿಕೆ.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಂಟಿಮನೆಯಲ್ಲಿ. ನನ್ನ ಅಜ್ಜಯ್ಯನಿಗೆ ತಾವು ಹುಟ್ಟಿದ ಇಸವಿ ಗೊತ್ತಿರಲಿಲ್ಲ. "ಪಿಳೇಗು ಬಂದಾಗ ನನಗೆ ಮೀಸೆ ಮೂಡ್ತಿತ್ತು" ಎನ್ನುತ್ತಿದ್ದರು. ಆ ರೋಗ 1896ರಲ್ಲಿ ಇದೇ ಮುಂಬಯಿಯಲ್ಲಿ ಕಾಣಿಸಿಕೊಂಡು, 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕಿತ್ತು. ಆ ಲೆಕ್ಕದಲ್ಲಿ ಅಜ್ಜಯ್ಯ 1883ರ ಆಸುಪಾಸಿನಲ್ಲಿ ಹುಟ್ಟಿರಬೇಕು. ನಾನು ಹೇಳಹೊರಟಿರುವ ರಾತ್ರಿ 1966ರ ಕಾರ್ತಿಕ ಮಾಸದ್ದು. ಅವರಿಗೆ ಎಂಬತ್ತಮೂರು, ನನಗೆ ಹತ್ತು.

ಗದ್ದೆಯಲ್ಲಿ ತೆನೆ ಹಾಲು ತುಂಬುವ ಹೊತ್ತಿಗೆ ಹಂದಿಗಳು ಇಳಿಯುತ್ತಿದ್ದವು. ಒಂದು ರಾತ್ರಿಯಲ್ಲಿ ಅರ್ಧ ಗದ್ದೆಯನ್ನು ಹೊರಳಿ ಚಾಪೆ ಮಾಡಿ ಹೋಗುತ್ತಿದ್ದವು. ಅಜ್ಜಯ್ಯ ಹಳು ಸೋವುವ ಕೆಲಸವನ್ನು, ಅಂದರೆ ಕೂಗು ಹಾಕುತ್ತ ಪೊದೆ ನುಗ್ಗಿ ಮಿಕವನ್ನು ಎಬ್ಬಿಸಿ ಅಟ್ಟುವ ಕೆಲಸವನ್ನು, ಅರವತ್ತಕ್ಕೆ ಮುಂಚೆಯೇ ಬಿಟ್ಟಿದ್ದರಂತೆ. ಎದ್ದ ಮಿಕ ಓಡಿಬರುವ ಕಂಡಿಯಲ್ಲಿ ಬಿಲ್ಲಿಗೆ ನಿಲ್ಲುವುದನ್ನು ಎಪ್ಪತ್ತೈದರ ಸುಮಾರಿಗೆ ಬಿಟ್ಟರು. ಓಡುವ ಹಂದಿಗೆ ಈಡು ಹೊಡೆಯಲು ಬೇಕಾದ ಚುರುಕು ತಮ್ಮ ತೋಳಿನಲ್ಲಿ ಉಳಿದಿಲ್ಲವೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಉಳಿದದ್ದು ಮರಸು, ಅಂದರೆ ಒಂದು ಕಡೆ ಅಡಗಿ ಕೂತು ಕಾಯುವುದು.

ಆ ಸಂಜೆ ಇನ್ನೂ ಬಿಸಿಲಿರುವಾಗಲೇ ಊಟ ಮುಗಿಸಿ ಇಬ್ಬರೂ ಹೊರಟೆವು. ಒಂದು ಫರ್ಲಾಂಗು ದಾರಿಗೆ ಅರ್ಧ ಗಂಟೆ ಹಿಡಿಯಿತು. ಅವರು ಎರಡು ಕಡೆ ನಿಂತದ್ದು ಸುಸ್ತಾಗಿ ಎಂದು ನಾನು ತಿಳಿದಿದ್ದೆ. ನಿಂತಲ್ಲೆಲ್ಲ ಸೊಂಟದ ಚೀಲದಿಂದ ಚಿಟಿಕೆ ಒಲೆಬೂದಿ ತೆಗೆದು ಗಾಳಿಗೆ ತೂರಿ ನೋಡುತ್ತಿದ್ದರು. ಹಂದಿಯ ಕಣ್ಣು ಮಂದ, ಮೂಗು ಮಾತ್ರ ಮಹಾ ಚುರುಕು. ಗಾಳಿ ತಿರುಗಿದ್ದರೆ ಅಂದಿನ ಮರಸು ಅಲ್ಲಿಗೇ ಮುಗಿದಂತೆ. ಮರದ ಮೇಲೆ ಅಟ್ಟಣೆ ಇತ್ತು, ಆದರೆ ಅವರು ಹತ್ತಲಿಲ್ಲ. ಗದ್ದೆಯಂಚಿನ ಹಲಸಿನ ಮರದ ಬುಡಕ್ಕೆ ಬೆನ್ನು ಕೊಟ್ಟು ನೆಲದ ಮೇಲೆಯೇ ಕಂಬಳಿ ಹಾಸಿ ಕೂತರು. ಕೋವಿಯನ್ನು ತೊಡೆಯ ಮೇಲಿಡದೆ ಮುಂದೆ ನೆಟ್ಟ ಕವೆಗೋಲಿನ ಮೇಲೆ ಒರಗಿಸಿದರು. ಬಳಿಕ ಎಲೆಅಡಿಕೆಯ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಷ್ಟು ಸುಣ್ಣವನ್ನು ನಳಿಗೆಯ ತುದಿಯ ಗುರಿಮಣಿಗೆ ಹಚ್ಚಿದರು. ಆಮೇಲೆ ನನ್ನ ಕೈಯನ್ನು ತಮ್ಮ ಮಂಡಿಯ ಮೇಲಿಟ್ಟುಕೊಂಡು, "ನನ್ನ ಕಿವಿ ನೀನು. ಬಲಗಡೆ ಸದ್ದಾದ್ರೆ ಒಂದು ಸಲ ಒತ್ತು, ಎಡಗಡೆ ಆದ್ರೆ ಎರಡು ಸಲ. ಬಾಯಿ ಬಿಟ್ಟೀಯ" ಎಂದರು.

ಎಷ್ಟು ಹೊತ್ತು ಕೂತೆವೋ ತಿಳಿಯದು. ತರಗೆಲೆ ಮುರಿದ ಸದ್ದು ನನಗೆ ಕೇಳಿತು, ಎಡಗಡೆ. ಎರಡು ಸಲ ಒತ್ತಿದೆ. ಅಜ್ಜಯ್ಯ ಕೋವಿಯ ಹಿಂಬದಿಯನ್ನು ಹೆಗಲಿಗೆ ತಂದು ಕೆನ್ನೆ ಒರಗಿಸಿದರು. ನನಗೂ ಕಂಡಿತು, ಬೆಳ್ಳಗಿನ ಗದ್ದೆಯ ಅಂಚಿನಲ್ಲಿ ಕಪ್ಪಗಿನ ಒಂದು ರಾಶಿ ಸರಿಯುತ್ತಿತ್ತು. ಅವರ ಉಸಿರು ನಿಂತದ್ದು ತಿಳಿಯಿತು. ಆಮೇಲೆ ಉಸಿರು ಬಿಟ್ಟರು, ಕೋವಿಯನ್ನು ಮೆಲ್ಲಗೆ ಕವೆಗೋಲಿಗೆ ಇಳಿಸಿದರು. ಹಂದಿ ಹೋಯಿತು. ಏಕೆ ಹೊಡೆಯಲಿಲ್ಲ ಎಂದು ಮನೆಯ ದಾರಿಯಲ್ಲಿ ಅಳುವ ದನಿಯಲ್ಲಿ ಕೇಳಿದೆ. "ಹಂದಿ ಕಂಡಿತು ಮಾರಾಯ. ಹಂದಿಯ ಹಿಂದೆ ಏನಿದೆ ಅಂತ ಕಾಣ್ಲಿಲ್ಲ" ಎಂದರು.

ವೈದ್ಯಕೀಯ ಓದುವಾಗ, ಮುಂದೆ ಮುಲುಂಡಿನ ನನ್ನ ಚಿಕಿತ್ಸಾಲಯದಲ್ಲಿ ಕೂತಾಗ, ಆ ರಾತ್ರಿಯ ಒಂದೊಂದೇ ಸಂಗತಿಗೆ ನನಗೆ ಕಾರಣ ಸಿಗುತ್ತ ಹೋಯಿತು. ಇಪ್ಪತ್ತರ ಹರೆಯದ ಕಣ್ಣಿನ ರೆಟಿನಾಕ್ಕೆ ತಲುಪುವ ಬೆಳಕಿಗೆ ಹೋಲಿಸಿದರೆ ಅರವತ್ತರ ಕಣ್ಣಿನ ರೆಟಿನಾಕ್ಕೆ ತಲುಪುವುದು ಸುಮಾರು ಮೂರನೆಯ ಒಂದು ಭಾಗ. ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ, ಕತ್ತಲೆಗೆ ಹೊಂದಿಕೊಳ್ಳಲು ಹೆಚ್ಚು ಸಮಯ ಬೇಕಾಗುತ್ತದೆ. ಬಿಸಿಲಿರುವಾಗಲೇ ಹೋಗಿ ಕೂತು, ಕತ್ತಲೆ ಬೀಳುವುದರ ಜೊತೆಜೊತೆಗೇ ಕಣ್ಣನ್ನು ಪಳಗಿಸುವುದು ಅಜ್ಜಯ್ಯ ತಾವಾಗಿಯೇ ಕಂಡುಕೊಂಡ ಉಪಾಯ. ಮುಪ್ಪಿನಲ್ಲಿ ಅಕ್ಷರ ಓದುವ ಶಕ್ತಿಗಿಂತ ಮೊದಲು ಕುಂದುವುದು ಕಪ್ಪಿನ ಮೇಲಿನ ಬೂದುಬಣ್ಣವನ್ನು ಬೇರ್ಪಡಿಸಿ ನೋಡುವ ಶಕ್ತಿ. ನಿಮ್ಮಲ್ಲಿ ಹಲವರು ಚಿಕಿತ್ಸಾಲಯದ ಫಲಕದ ಕೊನೆಯ ಸಾಲನ್ನೂ ಸರಾಗವಾಗಿ ಓದಿ, ಸಂಜೆ ಏಳಕ್ಕೆ ಕಿಂಗ್ಸ್ ಸರ್ಕಲಿನಲ್ಲಿ ನಿಂತು ಬರುತ್ತಿರುವ ಬೆಸ್ಟ್ ಬಸ್ಸಿನ ಸಂಖ್ಯೆಯನ್ನು ಪಕ್ಕದ ಹುಡುಗನಿಂದ ಕೇಳಿ ತಿಳಿಯುವವರು. ಸುಣ್ಣದ ಬೊಟ್ಟು ಈ ಕೊರತೆಗೆ ಮದ್ದು, ಕಪ್ಪು ನಳಿಗೆಯ ಮೇಲೆ ಕಪ್ಪು ಮಣಿಯನ್ನು ಹುಡುಕುವ ಕಷ್ಟವನ್ನು ಅದು ಅರ್ಧಕ್ಕರ್ಧ ಇಳಿಸುತ್ತದೆ.

ಗುರಿ ಹಿಡಿಯುವುದರಲ್ಲಿ ಮುದಿ ಕಣ್ಣಿಗೆ ಇನ್ನೊಂದು ತೊಡಕಿದೆ. ರೈಫಲಿನಲ್ಲಿ ಹಿಂದಿನ ಗುರಿಕಂಡಿ, ತುದಿಯ ಗುರಿಮಣಿ, ದೂರದ ಗುರಿ ಈ ಮೂರೂ ಬೇರೆಬೇರೆ ದೂರದಲ್ಲಿರುತ್ತವೆ. ಎಳೆಯ ಕಣ್ಣು ಇವುಗಳ ನಡುವೆ ಕ್ಷಣಕ್ಕೊಮ್ಮೆ ನೋಟ ಬದಲಿಸಿ ಮೂರನ್ನೂ ಸ್ಪಷ್ಟವಾಗಿ ಕಂಡಂತೆ ನಟಿಸುತ್ತದೆ. ಚಾಳೀಸು ಬಂದ ಕಣ್ಣಿಗೆ ಆ ನಟನೆ ಆಗದು. ಕನ್ನಡಕ ಹಾಕಿದರೆ ಪರಿಹಾರವಾಯಿತೇ ಎಂದರೆ ಅದೂ ಇಲ್ಲ. ಎರಡು ಭಾಗದ ಕನ್ನಡಕದಲ್ಲಿ ಓದುವ ಭಾಗ ಕೆಳಗಿರುವುದರಿಂದ, ಮಣಿಯನ್ನು ಅದರೊಳಗಿನಿಂದ ನೋಡಲು ಮುದುಕ ಗಲ್ಲ ಎತ್ತುತ್ತಾನೆ, ಗಲ್ಲ ಎತ್ತಿದಾಗ ಕೆನ್ನೆ ಕೋವಿಯಿಂದ ಬಿಡುತ್ತದೆ, ಕೆನ್ನೆ ಬಿಟ್ಟಾಗ ಕಣ್ಣು ಮೇಲೇರಿ ಈಡು ಗುರಿಯ ಮೇಲಿಂದ ಹಾರಿಹೋಗುತ್ತದೆ. ತನ್ನ ಕೈ ನಡುಗಿತೆಂದು ಅವನು ಕೊರಗುತ್ತಾನೆ, ತಪ್ಪು ಕನ್ನಡಕದ್ದು. ಪಾಶ್ಚಾತ್ಯ ದೇಶಗಳ ವಯಸ್ಸಾದ ಬೇಟೆಗಾರರಿಗೆ ದೂರದರ್ಶಕ ಜೋಡಿಸಿದ ರೈಫಲು ವರವಾದದ್ದು ದೂರದ್ದನ್ನು ದೊಡ್ಡದು ಮಾಡಿ ತೋರಿಸುವುದಕ್ಕಿಂತ ಹೆಚ್ಚಾಗಿ, ಗುರಿಗೆರೆಯನ್ನೂ ಗುರಿಯನ್ನೂ ಒಂದೇ ಪಾತಳಿಯಲ್ಲಿ ತಂದಿಡುವುದರಿಂದ.

ನನ್ನ ಬಳಿ ಬರುತ್ತಿದ್ದ ಕೊಡಗಿನ ಹಿರಿಯರೊಬ್ಬರ ಪ್ರಸಂಗವನ್ನು ಇಲ್ಲಿ ಹೇಳಬಹುದು. ಸೈನ್ಯದಲ್ಲಿದ್ದು ನಿವೃತ್ತರಾಗಿ ಮಗನ ಮನೆಯಲ್ಲಿದ್ದವರು. ಎಪ್ಪತ್ತೊಂಬತ್ತಕ್ಕೆ ಎರಡೂ ಕಣ್ಣಿನ ಪೊರೆ ಬಲಿತಿತ್ತು. ಶಸ್ತ್ರಚಿಕಿತ್ಸೆಯ ಬಗ್ಗೆ ಮಾತನಾಡುವಾಗ ಎಲ್ಲರೂ ಪತ್ರಿಕೆ ಓದಬಹುದೇ, ಟಿವಿ ನೋಡಬಹುದೇ ಎಂದು ಕೇಳಿದರೆ, ಅವರು ಕೇಳಿದ್ದು "ತೆಂಗಿನಕಾಯಿ ಕಾಣುತ್ತದೆಯೇ?" ಎಂದು. ಕೊಡಗಿನಲ್ಲಿ ಪ್ರತಿ ಸೆಪ್ಟೆಂಬರಿನ ಮೊದಲ ವಾರ ಕೈಲ್‌ಪೊಳ್ದ್ ಹಬ್ಬ, ಅಂದು ಆಯುಧಗಳಿಗೆ ಪೂಜೆ. ಹಿಂದೆ ಅದರ ಬೆನ್ನಿಗೆ ಬೇಟೆ ಇರುತ್ತಿತ್ತು, ಈಗ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ಸತ್ತರೆ ಎರಡು ಗುಂಡು ಹಾರಿಸುವ ನಾಡದು. ಕೋವಿ ಅಲ್ಲಿ ಮನೆಮಂದಿಯಲ್ಲೊಂದು. ಹುಲಿ ಹೊಡೆದವನನ್ನು ಮದುವಣಿಗನಂತೆ ಕೂರಿಸಿ ನರಿಮಂಗಲ ಎಂಬ ಶಾಸ್ತ್ರ ಮಾಡುತ್ತಿದ್ದರು. ನಾವು ನರಿಯೆಂದು ಹೀಗಳೆಯುವ ಪದ ಕೊಡವರ ಮಾತಿನಲ್ಲಿ ಹುಲಿಯ ಹೆಸರು. ಆ ಹಿರಿಯರಿಗೆ ನಾನು ಮೊದಲು ಎರಡೂ ತೋಳು ಚಾಚಿ, ಅಂಗೈಗಳ ನಡುವೆ ಸಣ್ಣ ಕಂಡಿ ಮಾಡಿ, ಅದರೊಳಗಿನಿಂದ ಗೋಡೆಯ ಗಡಿಯಾರ ನೋಡಲು ಹೇಳಿದೆ. ಒಂದೊಂದೇ ಕಣ್ಣು ಮುಚ್ಚಿಸಿದಾಗ ಬಲಗಣ್ಣೇ ಯಜಮಾನ, ಅಂದರೆ ಗುರಿ ಹಿಡಿಯುವ ಕಣ್ಣು ಅದೇ ಎಂದು ತಿಳಿಯಿತು. ಎಡಗಣ್ಣಿನ ಪೊರೆ ಹೆಚ್ಚು ಬಲಿತಿದ್ದರೂ ಬಲಗಣ್ಣಿಗೇ ಮೊದಲು ಶಸ್ತ್ರಚಿಕಿತ್ಸೆ ಮಾಡಿ, ದೂರದ ನೋಟಕ್ಕೆ ಹೊಂದುವ ಮಸೂರ ಹಾಕಿದೆ. ಸಹೋದ್ಯೋಗಿಗಳು ಇದನ್ನು ಒಪ್ಪಲಿಕ್ಕಿಲ್ಲ. ಮರುವರ್ಷ ಹಬ್ಬ ಮುಗಿಸಿ ಬಂದಾಗ ಅವರು ನನ್ನ ಮೇಜಿನ ಮೇಲೆ ತೆಂಗಿನ ಚಿಪ್ಪಿನ ಒಂದು ಚೂರನ್ನು ಇಟ್ಟು, ಏನೂ ಹೇಳದೆ ಕಣ್ಣು ತೋರಿಸಿಕೊಂಡು ಹೋದರು.

ಕಿವಿಯ ಬಗ್ಗೆ ಹೆಚ್ಚು ಹೇಳಲು ನಾನು ಅಧಿಕಾರಿಯಲ್ಲ. ಕೋವಿಯ ಸದ್ದು ಕ್ಷಣ ಮಾತ್ರದ್ದಾದರೂ 140 ಡೆಸಿಬೆಲ್ ಮೀರುತ್ತದೆ. ಬಲಹೆಗಲಿನಿಂದ ಹೊಡೆಯುವವನ ಎಡಗಿವಿ ನಳಿಗೆಯ ಬಾಯಿಗೆ ಹತ್ತಿರವಿರುವುದರಿಂದ ಅದೇ ಮೊದಲು ಕೆಡುತ್ತದೆ, ಮತ್ತು ಮೊದಲು ಅಳಿಯುವುದು ಎತ್ತರದ ಸ್ಥಾಯಿಯ ಸದ್ದುಗಳು. ತರಗೆಲೆಯ ಸದ್ದು ಅಂಥದ್ದೇ, ಮೊಮ್ಮಗುವಿನ ದನಿಯೂ ಅಂಥದ್ದೇ. ಜಿಮ್ ಕಾರ್ಬೆಟ್ಟರ ಕಿವಿಯ ಹತ್ತಿರವೇ ಯಾರೋ ರೈಫಲು ಹಾರಿಸಿ ತಮಟೆ ಹಾಳಾಗಿತ್ತು. ಆ ಕಿವಿ ಕೀತುಕೊಂಡ ನೋವಿನಲ್ಲೇ ಅವರು 1929ರಲ್ಲಿ ಕುಮಾವೂಂ ಬೆಟ್ಟಗಳಲ್ಲಿ ಒಂದು ನರಭಕ್ಷಕ ಹುಲಿಯ ಹಿಂದೆ ಅಲೆದರು. ಕಾಡಿನ ಕೂಗುಗಳನ್ನು ಓದುವುದೇ ಜೀವಾಳವಾಗಿದ್ದ ಮನುಷ್ಯನಿಗೆ ಒಂದು ಕಿವಿ ಕಡಿಮೆಯಾದರೆ ಅದು ಸಣ್ಣ ನಷ್ಟವಲ್ಲ. ಆದರೂ ತಮ್ಮ ಕೊನೆಯ ನರಭಕ್ಷಕವನ್ನು ಅವರು ಹೊಡೆದದ್ದು 1938ರ ನವೆಂಬರಿನಲ್ಲಿ, 63ನೆಯ ವಯಸ್ಸಿನಲ್ಲಿ. ಅದರ ನಂತರ ಮತ್ತೆ ಅಂಥ ಕೆಲಸಕ್ಕೆ ಹೋಗಲಿಲ್ಲ. ಅದಕ್ಕೆ ಮೊದಲೇ ಅವರ ಕೈಗೆ ಚಲನಚಿತ್ರದ ಕ್ಯಾಮೆರಾ ಬಂದಿತ್ತು. 1944ರಲ್ಲಿ, ಅರವತ್ತೆಂಟರ ಮನುಷ್ಯ, ಬರ್ಮಾಕ್ಕೆ ಹೊರಟ ಸೈನಿಕರಿಗೆ ಕಾಡಿನಲ್ಲಿ ಬದುಕುಳಿಯುವುದನ್ನು ಕಲಿಸಲು ಮಧ್ಯಪ್ರಾಂತ್ಯಕ್ಕೆ ಹೋದರು. ಕೋವಿ ಹಿಂದೆ ಸರಿಯಿತು, ಕಾಡು ಓದುವ ವಿದ್ಯೆ ಹಿಂದೆ ಸರಿಯಲಿಲ್ಲ.

ಕಿವಿ ಹೋದ ಮುದುಕನಿಗೆ ಮೊಮ್ಮಗ ಸಿಗದಿದ್ದರೆ ನಾಯಿಯಾದರೂ ಬೇಕು. ಕನ್ನಡಿಗರಿಗೆ ಬೇಟೆನಾಯಿಯ ಬೆಲೆ ಹೊಸದಾಗಿ ಹೇಳಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 950ರ ಸುಮಾರಿನಲ್ಲಿ ಮಣಲೇರನೆಂಬ ವೀರ, ಕಾಡುಹಂದಿಯೊಡನೆ ಸೆಣಸಿ ಅದನ್ನು ಕೊಂದು ತಾನೂ ಸತ್ತ ತನ್ನ ನಾಯಿ ಕಾಳಿಗೆ ಕಲ್ಲು ನಿಲ್ಲಿಸಿದ. ನಾಯಿಗೆ ಶಾಸನ ಬರೆಸಿದ ಜನ ನಾವು.

ಇನ್ನು, ಇದೆಲ್ಲ ಒಬ್ಬಿಬ್ಬರ ಕತೆಯೋ, ಇದರಲ್ಲಿ ಏನಾದರೂ ಕ್ರಮವಿದೆಯೋ ಎಂಬ ಪ್ರಶ್ನೆ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಜಗತ್ತಿನ 40 ಕಡೆಗಳಿಂದ, 1,800ಕ್ಕೂ ಹೆಚ್ಚು ಬೇಟೆಗಾರರ ಸುಮಾರು 23,000 ಬೇಟೆಗಳ ಲೆಕ್ಕವನ್ನು ಒಟ್ಟುಗೂಡಿಸಿ, ವಯಸ್ಸಿಗೂ ಬೇಟೆಯ ಕುಶಲತೆಗೂ ಇರುವ ಸಂಬಂಧವನ್ನು ಅಳೆದರು. ಬೇಟೆಗಾರನ ಗಳಿಕೆ ತುದಿ ಮುಟ್ಟುವುದು ಸರಾಸರಿ 30ರಿಂದ 35 ವರ್ಷದೊಳಗೆ. ದೇಹಬಲ ಇಪ್ಪತ್ತರ ಹರೆಯದಲ್ಲೇ ತುದಿ ಮುಟ್ಟಿರುತ್ತದಲ್ಲ, ಹಾಗಾದರೆ ಮುಂದಿನ ಹತ್ತು ವರ್ಷ ಬೆಳೆಯುವುದು ತಿಳಿವು ಎಂದೇ ಅರ್ಥ. ಆ ತುದಿಯಿಂದ ಇಳಿಜಾರು ಕಡಿದಲ್ಲ, ಬಹಳ ವರ್ಷ ಕುಶಲತೆ ಉಳಿಯುತ್ತದೆ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಮಾತು. ಒಂದೇ ಊರಿನ ಬೇಟೆಗಾರರ ನಡುವಿನ ವ್ಯತ್ಯಾಸಕ್ಕೆ, ಯಾರು ಎಷ್ಟು ಬೇಗ ಕಲಿತರು ಎಂಬುದಕ್ಕಿಂತ ಯಾರು ಎಷ್ಟು ನಿಧಾನವಾಗಿ ಇಳಿದರು ಎಂಬುದೇ ಹೆಚ್ಚಿನ ಕಾರಣವಂತೆ. ಶಾಲೆಯಲ್ಲಿ ಮೊದಲ ಸ್ಥಾನ ಬಂದ ಹುಡುಗನ ಬಗ್ಗೆ ನಾವು ಎಷ್ಟು ಮಾತನಾಡುತ್ತೇವೆ! ನಿಧಾನವಾಗಿ ಇಳಿಯುವವನಿಗೆ ನಮ್ಮಲ್ಲಿ ಒಂದು ಪದಕವೂ ಇಲ್ಲ.

ಇಳಿಯುವ ವೇಗವನ್ನು ತಗ್ಗಿಸುವುದು ಏನು? ದೇಹದ ಮಟ್ಟಿಗೆ ಉತ್ತರ ಸರಳ. ಬೊಲಿವಿಯಾದ ಕಾಡಿನ ಚಿಮಾನೆ ಜನ ಬೇಟೆ, ಮೀನು, ಸಣ್ಣ ಬೇಸಾಯಗಳಿಂದ ಬದುಕುವವರು, ಅವರ ಗಂಡಸರು ದಿನಕ್ಕೆ ಆರೇಳು ಗಂಟೆ ಮೈಮುರಿದು ಓಡಾಡುವವರು. 2017ರಲ್ಲಿ ಅವರಲ್ಲಿ 705 ಮಂದಿಯ ಹೃದಯದ ರಕ್ತನಾಳಗಳನ್ನು ಪರೀಕ್ಷಿಸಿದಾಗ, ನೂರಕ್ಕೆ 85 ಜನರಲ್ಲಿ ಸುಣ್ಣಗಟ್ಟುವಿಕೆ ಕಿಂಚಿತ್ತೂ ಇರಲಿಲ್ಲ. ಎಂಬತ್ತರ ಚಿಮಾನೆಯ ರಕ್ತನಾಳಗಳು ಐವತ್ತರ ನಡುಪ್ರಾಯದ ಅಮೆರಿಕದವನಂತಿದ್ದವು. ಆದರೆ ವರ್ಷವಿಡೀ ಮೇಜಿನ ಮುಂದೆ ಕೂತಿದ್ದು, ಬೇಟೆಯ ಕಾಲ ಬಂದೊಡನೆ ಹಿಮದಲ್ಲಿ ಜಿಂಕೆಯನ್ನು ಎಳೆಯಲು ಹೋಗುವ ಮುದುಕನಿಗೆ ಇದೇ ಬೇಟೆ ಹೃದಯಾಘಾತದ ಮೂಲ. ಅಮೆರಿಕದಲ್ಲಿ ಬೇಟೆಗಾರರು ಕೈಕಾಲು ಮುರಿದುಕೊಳ್ಳುವುದರಲ್ಲಿ ದೊಡ್ಡ ಪಾಲು ಗುಂಡಿನದಲ್ಲ, ಮರಕ್ಕೆ ಕಟ್ಟಿದ ಅಟ್ಟಣೆಯಿಂದ ಬೀಳುವುದರದ್ದು. ಅಜ್ಜಯ್ಯ ಹಲಸಿನ ಬುಡದಲ್ಲಿ ಕೂತದ್ದು ನೆನಪಿರಲಿ.

ದೇಹಕ್ಕಿಂತ ಹೆಚ್ಚಿನದು ತಂಡ. ಜಪಾನಿನ ಉತ್ತರದ ಅಕಿತಾ ಮೊದಲಾದ ಬೆಟ್ಟಸೀಮೆಗಳಲ್ಲಿ ಕರಡಿ ಬೇಟೆಯಾಡುವ ಮತಾಗಿ ಎಂಬ ಜನರಿದ್ದಾರೆ. ಅವರ ಬೇಟೆಯೂ ನಮ್ಮ ಸೋವಿನಂಥದ್ದೇ, ಕೆಳಗಿನಿಂದ ಕೂಗಿ ಕರಡಿಯನ್ನು ಮೇಲಕ್ಕೆ ಅಟ್ಟುವವರು ಒಂದು ಗುಂಪು, ಮೇಲೆ ಕಂಡಿ ಕಾಯುವ ಈಡುಗಾರರು ಇನ್ನೊಂದು ಗುಂಪು. ಇವರೆಲ್ಲರ ಮೇಲೆ ಬೆಟ್ಟ ಬಲ್ಲ ನಾಯಕನೊಬ್ಬ. ಯಾವ ಕಣಿವೆ, ಯಾವ ದಿನ, ಯಾರು ಎಲ್ಲಿ ಎಂಬುದೆಲ್ಲ ಅವನ ಮಾತು. ಆ ನಾಯಕನನ್ನು ಅವರು ಕರೆಯುವ ಹೆಸರು "ಶಿಕಾರಿ". ನಮ್ಮ ಶಿಕಾರಿ ಪಾರಸಿಯಿಂದ ಬಂದದ್ದು, ಅವರದಕ್ಕೂ ನಮ್ಮದಕ್ಕೂ ನಂಟು ಕಟ್ಟಲು ನಾನು ಹೊರಟಿಲ್ಲ, ಕಾಕತಾಳೀಯವಾದರೂ ಸೊಗಸಾಗಿದೆ. ಹೀಗೆ ಒಂದು ತಂಡದಲ್ಲಿ ಓಡುವವನ, ಹೊಡೆಯುವವನ ಜೊತೆಗೆ ತಿಳಿದವನಿಗೂ ಒಂದು ಸ್ಥಾನವಿದ್ದರೆ ಮುದುಕ ಮನೆಯಲ್ಲಿ ಕೂರಬೇಕಾಗಿಲ್ಲ. ನಮ್ಮೂರಿನಲ್ಲೂ ಹಾಗೇ ಇತ್ತು. ಅಜ್ಜಯ್ಯ ಈಡು ಹೊಡೆಯದ ದಿನವೂ, ಹೆಜ್ಜೆ ನೋಡಿ ಕಂಡಿ ಹೇಳಿದ್ದಕ್ಕಾಗಿ ಒಂದು ಪಾಲು ನಮ್ಮ ಮನೆಗೆ ಬರುತ್ತಿತ್ತು. ಅದನ್ನು ಯಾರೂ ದಾನವೆಂದು ತಿಳಿದಿರಲಿಲ್ಲ.

ಜಪಾನಿನ ಕತೆಗೆ ಇನ್ನೊಂದು ಮುಖವಿದೆ. 1970ರ ದಶಕದ ನಡುವಿನಲ್ಲಿ ಅಲ್ಲಿ ಬೇಟೆಯ ಪರವಾನಗಿ ಪಡೆದವರು 5 ಲಕ್ಷಕ್ಕೂ ಹೆಚ್ಚಿದ್ದರು, 2010ರ ದಶಕಕ್ಕೆ ಅದು 2 ಲಕ್ಷದ ಆಸುಪಾಸಿಗೆ ಇಳಿದಿತ್ತು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅರವತ್ತು ದಾಟಿದವರು. ಹಳ್ಳಿಗಳು ಬರಿದಾದಂತೆ ಕರಡಿಗಳು ಊರಿಗೆ ಇಳಿದವು. ಊರವರು ಮೊರೆಯಿಡುವುದು ಎಪ್ಪತ್ತರ ಮುದುಕರಿಗೆ. 2025ರಲ್ಲಿ ಅಕಿತಾದ ನೆರವಿಗೆ ಸೈನಿಕರನ್ನು ಕಳುಹಿಸಬೇಕಾಯಿತು. ಹಿರಿಯರು ಕೊನೆಯವರೆಗೂ ದುಡಿಯುತ್ತಿದ್ದಾರೆ ಎಂಬುದು ಯಾವಾಗಲೂ ಹಿಗ್ಗುವ ಸುದ್ದಿಯಲ್ಲ. ಕಲಿಯುವವರು ಹಿಂದೆ ಬರುತ್ತಿಲ್ಲ ಎಂಬುದೂ ಅದರ ಅರ್ಥವಾಗಿರಬಹುದು. ಮೊಮ್ಮಗ ಮಂಡಿಯ ಮೇಲೆ ಕೈಯಿಟ್ಟು ಕೂರದೇ ಹೋದರೆ ಅಜ್ಜನಿಗೆ ಎರಡು ಸಲ ಒತ್ತಿ ತಿಳಿಸುವವರು ಯಾರು?

ಅದೇ ಜಪಾನಿನಲ್ಲಿ ಬೇಟೆಯ ಪರವಾನಗಿಯನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸುವಾಗ ಕಣ್ಣು, ಕಿವಿ, ಕೈಕಾಲುಗಳ ಪರೀಕ್ಷೆಯಾಗುತ್ತದೆ. 75 ದಾಟಿದವರು ಕೋವಿ ಇಟ್ಟುಕೊಳ್ಳಬೇಕಾದರೆ ನೆನಪು ಮತ್ತು ತಿಳಿವಿನ ಪರೀಕ್ಷೆಗೂ ಕೂರಬೇಕು. ಫಿನ್ಲೆಂಡಿನಲ್ಲಿ ದೊಡ್ಡ ಮಿಕದ ಬೇಟೆಗೆ ಹೋಗುವವನು, ಮುದುಕನಿರಲಿ ಹರೆಯದವನಿರಲಿ, ಮೂರು ವರ್ಷಕ್ಕೊಮ್ಮೆ ಗುರಿ ಹೊಡೆದು ತೋರಿಸಬೇಕು. ಇದು ಕಟುವಲ್ಲ, ಸರಿಯಾದ ಕ್ರಮ ಎಂದೇ ನನ್ನ ಅಭಿಪ್ರಾಯ. ಎಂಬತ್ತರ ಅಪ್ಪನ ಕೈಯಿಂದ ಕಾರಿನ ಬೀಗದ ಕೈ ಇಸಿದುಕೊಳ್ಳಲು ಆಗದ ಮಕ್ಕಳು, "ಡಾಕ್ಟ್ರೇ, ನೀವೇ ಹೇಳಿಬಿಡಿ" ಎಂದು ನನ್ನ ಕಡೆ ತಿರುಗಿದ್ದು ಎಷ್ಟೋ ಸಲ. ಹೇಳಿದ್ದೇನೆ, ಬೈಸಿಕೊಂಡಿದ್ದೇನೆ. ಬೇಟೆಯಲ್ಲಿ ಅತಿ ದೊಡ್ಡ ಅಪಘಾತಗಳು ಆಗುವುದು ಗುರಿ ತಪ್ಪಿದ್ದರಿಂದಲ್ಲ. ಪೊದೆ ಅಲುಗಿದ್ದನ್ನೇ ಹಂದಿಯೆಂದು ಬಗೆದು, ಸೋವುತ್ತಿದ್ದ ಸಂಗಡಿಗನಿಗೆ ಹೊಡೆಯುವುದರಿಂದ. ಕಣ್ಣು ಅರ್ಧ ತೋರಿಸಿದ್ದನ್ನು ಮನಸ್ಸು ತನ್ನ ಆಸೆಯಿಂದ ತುಂಬಿಕೊಳ್ಳುತ್ತದೆ. ಹಳಗನ್ನಡದಲ್ಲಿ ಬೇಟವೆಂದರೆ ಪ್ರೇಮ, ಬೇಂಟೆಯೆಂದರೆ ಬೇಟೆ. ಎರಡರಲ್ಲೂ ಕಾಣದ್ದನ್ನು ಕಂಡೆನೆಂದು ಹೇಳಿಸುವ ಗುಣ ಒಂದೇ. ಅಂದು ರಾತ್ರಿ ಅಜ್ಜಯ್ಯ ಕೋವಿ ಇಳಿಸಿದಾಗ ಗದ್ದೆಯಾಚೆ ಪಕ್ಕದ ಮನೆಯವರ ಕಾವಲು ಗುಡಿಸಲಿತ್ತು. ಅದರ ದೀಪ ಆರಿತ್ತೋ, ಇವರ ಕಣ್ಣಿಗೆ ಕಾಣಲಿಲ್ಲವೋ ನನಗೆ ಇಂದಿಗೂ ತಿಳಿಯದು.

ಬೇಟೆ ನಿಂತ ನಾಡಿನಲ್ಲಿ ಬೇಟೆಗಾರನ ಕಣ್ಣು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಉತ್ತರ ನಮ್ಮ ಈ ಊರಿನಲ್ಲೇ ಇದೆ. ಫೋರ್ಟಿನ ಶಹೀದ್ ಭಗತ್ ಸಿಂಗ್ ರಸ್ತೆಯ ಹಾರ್ನ್‌ಬಿಲ್ ಹೌಸಿನಲ್ಲಿರುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿದ್ದು 1883ರಲ್ಲಿ, ಹೆಚ್ಚು ಕಡಿಮೆ ಅಜ್ಜಯ್ಯ ಹುಟ್ಟಿದ ವರ್ಷ. ಅದರ ಮೊದಲ ತಲೆಮಾರಿನ ಸದಸ್ಯರಲ್ಲಿ ಶಿಕಾರಿಗಳಿಗೆ ಕೊರತೆಯಿರಲಿಲ್ಲ. ಹುಡುಗ ಸಲೀಂ ಅಲಿ ಗಾಳಿಕೋವಿಯಿಂದ ಒಂದು ಗುಬ್ಬಿಯನ್ನು ಹೊಡೆದು, ಅದರ ಕತ್ತಿನ ಮೇಲೆ ಹಳದಿ ಮಚ್ಚೆ ಕಂಡು ಬೆರಗಾಗಿ, ಸೋದರಮಾವನ ಮಾತಿನಂತೆ ಅದನ್ನು ಹಿಡಿದುಕೊಂಡು ಹೋದದ್ದು ಈ ಸೊಸೈಟಿಗೆ. ಕಾರ್ಯದರ್ಶಿ ಮಿಲಾರ್ಡ್ ಗದರಿಸಿ ಕಳುಹಿಸದೆ, ಒಣಗಿಸಿಟ್ಟ ಹಕ್ಕಿಗಳ ಪೆಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ತೋರಿಸಿದರು. ಮುಂದೆ ಸಲೀಂ ಅಲಿ ಸಮೀಕ್ಷೆಗಳಿಗಾಗಿ ದಶಕಗಳ ಕಾಲ ಕೋವಿಯಿಂದ ಹಕ್ಕಿಗಳನ್ನು ಸಂಗ್ರಹಿಸಿದವರೇ. ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳನ್ನೂ ಅವರು ಹೀಗೆ ಸಮೀಕ್ಷೆ ಮಾಡಿದರು. ಕ್ರಮೇಣ ಕೋವಿಯ ಜಾಗಕ್ಕೆ ಬಲೆಯೂ ಕಾಲಿನ ಉಂಗುರವೂ ಬಂದವು, ಕಡೆಗೆ ದುರ್ಬೀನು ಮಾತ್ರ. 1950ರಲ್ಲಿ ಐವತ್ತಮೂರರ ಈ ಮನುಷ್ಯ ತನ್ನ ಸನ್‌ಬೀಮ್ ಮೋಟಾರು ಸೈಕಲನ್ನು ಹಡಗಿನಲ್ಲಿ ಯುರೋಪಿಗೆ ಸಾಗಿಸಿ, ಸ್ವೀಡನ್ನಿನ ಉಪ್ಸಾಲಾದಲ್ಲಿ ನಡೆದ ಪಕ್ಷಿತಜ್ಞರ ಸಮ್ಮೇಳನಕ್ಕೆ ಅದರಲ್ಲೇ ಹೋದ. 1987ರಲ್ಲಿ ತೊಂಬತ್ತು ತುಂಬಿ ತೀರಿಕೊಳ್ಳುವವರೆಗೂ ಹಕ್ಕಿಯ ಕೆಲಸ ಅವರನ್ನು ಬಿಡಲಿಲ್ಲ, ಅವರೂ ಅದನ್ನು ಬಿಡಲಿಲ್ಲ. ಬೂದಿ ತೂರಿ ಗಾಳಿ ನೋಡುವ, ಸದ್ದಿಲ್ಲದೆ ಕೂರುವ, ಅಲುಗಾಟದಿಂದಲೇ ಜಾತಿ ಗುರುತಿಸುವ ವಿದ್ಯೆ ಅದೇ. ಕೊನೆಯ ಒಂದು ಕ್ಷಣವನ್ನು ಮಾತ್ರ ಅದರಿಂದ ತೆಗೆದಿದ್ದಾರೆ. ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಭಾನುವಾರ ಬೆಳಗ್ಗೆ ಆರಕ್ಕೆ ಬಂದರೆ, ಎಪ್ಪತ್ತು ಮೀರಿದ ಏಳೆಂಟು ಜನ ಕೊರಳಿಗೆ ದುರ್ಬೀನು ಹಾಕಿಕೊಂಡು ನಿಂತಿರುವುದನ್ನು ನೀವೂ ನೋಡಬಹುದು. ಅವರಲ್ಲೊಬ್ಬ ನಾನು. ಚಿರತೆಯ ಹೆಜ್ಜೆ ಕಂಡ ದಿನ ನಮ್ಮ ಮಂಡಿನೋವಿನ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಅಜ್ಜಯ್ಯನ ಕೊನೆಯ ಕಾರ್ತಿಕ 1971ರದ್ದು. ಅಷ್ಟು ಹೊತ್ತಿಗೆ ಎರಡೂ ಕಣ್ಣು ಪೂರ್ತಿ ಬಿಳಿಗಟ್ಟಿದ್ದವು. ನಾನಿನ್ನೂ ಹೈಸ್ಕೂಲಿನಲ್ಲಿದ್ದೆ, ಶಸ್ತ್ರಚಿಕಿತ್ಸೆಗೆ ಶಿವಮೊಗ್ಗಕ್ಕೆ ಹೋಗಲು ಅವರು ಒಪ್ಪಲೇ ಇಲ್ಲ. ಕೋವಿಯನ್ನು ಅವರೇ ಅಪ್ಪನ ಕೈಗೆ ಕೊಟ್ಟು ಎರಡು ವರ್ಷವಾಗಿತ್ತು. ಮುಂದೆ ಒಂದು ಚುನಾವಣೆಯ ಸಮಯದಲ್ಲಿ ಠಾಣೆಗೆ ಒಪ್ಪಿಸಿದ್ದ ಅದು ಮರಳಿ ಬಂದಾಗ ನಳಿಗೆಯ ಒಳಗೆಲ್ಲ ತುಕ್ಕು ಹಿಡಿದಿತ್ತು, ಅದು ಬೇರೆ ಮಾತು. ಆ ಕಾರ್ತಿಕದಲ್ಲಿ ಹಂದಿ ಇಳಿದ ಮರುದಿನ ಬೆಳಗ್ಗೆ ಚಿಕ್ಕಪ್ಪ ಗದ್ದೆಗೆ ಹೋಗಿ, ಕೆಸರಿನಲ್ಲಿ ಮೂಡಿದ ಹೆಜ್ಜೆಯ ಉದ್ದಕ್ಕೆ ಸರಿಯಾಗಿ ಒಂದು ಕಡ್ಡಿ ಮುರಿದು, ಅಗಲಕ್ಕೆ ಇನ್ನೊಂದು ಮುರಿದು, ಎರಡನ್ನೂ ತಂದು ಜಗಲಿಯಲ್ಲಿ ಕೂತಿದ್ದ ಅಜ್ಜಯ್ಯನ ಅಂಗೈಯಲ್ಲಿಟ್ಟರು. ಅವರು ಕಡ್ಡಿಗಳನ್ನು ಬೆರಳ ಗೆಣ್ಣಿಗೆ ಹಿಡಿದು ಹಿಡಿದು ಅಳೆದರು. "ಹಿಂದಿನ ಗೊರಸು ಆಳಕ್ಕೆ ಹೂತಿತ್ತೇನೋ?" ಎಂದು ಕೇಳಿದರು. ಹೌದು ಎಂದರು ಚಿಕ್ಕಪ್ಪ. "ಮಣ್ಣು ಒದ್ದೆ ಇತ್ತೋ, ಅಂಚು ಒಣಗಿತ್ತೋ?" ಒದ್ದೆ. ಸ್ವಲ್ಪ ಹೊತ್ತು ಅಡಿಕೆ ಅಗಿದು, "ಹೆಣ್ಣು. ಹೊಟ್ಟೇಲಿ ಮರಿ ಇದೆ. ಬೆಳಗಿನ ಜಾವ ಬಂದದ್ದು. ಅದನ್ನ ಬಿಡಿ, ಡಬ್ಬ ಬಡಿದು ಓಡ್ಸಿ ಸಾಕು" ಎಂದು ಹೇಳಿ, ಕಡ್ಡಿಗಳೆರಡನ್ನೂ ಮಾಡಿನ ಸಂದಿಗೆ ಸಿಕ್ಕಿಸಲು ನನ್ನ ಕೈಗೆ ಕೊಟ್ಟರು.